ತೇಪೆ ಕಾರಿನ ಹುಟ್ಟು ಬಣ್ಣ

ಮಾವನವರಿಗೆ ನಿಮ್ಮ ಸೊಸೆಯ ನಮಸ್ಕಾರ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತವರಿಗೆ ಪತ್ರ ಬರೆಯುತ್ತಾಳಲ್ಲ, ಇವಳಿಗೆ ಬುದ್ಧಿ ನೆಟ್ಟಗಿದೆಯೇ ಎಂದು ಅಂದುಕೊಳ್ಳುತ್ತಿರಬಹುದು. ಏನು ಮಾಡಲಿ, ಫೋನು ಮಾಡಿದರೆ ನೀವು ‘ಹೂಂ’ ಬಿಟ್ಟು ಇನ್ನೊಂದು ಮಾತಾಡುವುದಿಲ್ಲ. ನನ್ನ ಮಾತು ಅರ್ಧದಲ್ಲಿರುವಾಗಲೇ ಫೋನನ್ನು ಮಗಳ ಕೈಗೆ ದಾಟಿಸಿಬಿಡುತ್ತೀರಿ. ಪತ್ರವಾದರೆ ಕೊನೆಯವರೆಗೂ ಕೇಳಲೇಬೇಕು. ಓದಿ ಹೇಳುತ್ತಿರುವ ನಾದಿನಿಗೂ ಒಂದು ಮಾತು: ನಡುನಡುವೆ ನಿನ್ನದೊಂದು ಒಗ್ಗರಣೆ ಹಾಕಬೇಡಮ್ಮ, ಬರೆದಷ್ಟನ್ನೇ ಓದು.

ಮೊದಲೇ ಹೇಳಿಬಿಡುತ್ತೇನೆ, ಕಾರನ್ನು ನಾನಿನ್ನೂ ಕೆರೆದು ಮುಗಿಸಿಲ್ಲ. ಕಣ್ಣಿನ ಆಪರೇಷನ್‌ಗೆಂದು ಮಗಳ ಊರಿಗೆ ಹೊರಡುವ ಹಿಂದಿನ ದಿನ ನಮ್ಮ ಪೇಂಟಿಂಗ್ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು ನೀವು ಹೇಳಿದ ಮಾತು ಅಕ್ಷರಕ್ಷರ ನೆನಪಿದೆ. “ಈಗೀಗ ಅದು ನನಗೆ ಕೆಸರಿನ ಮುದ್ದೆ ಥರ ಕಾಣುತ್ತೆ ಕಣಮ್ಮ. ಎಲ್ಲಾ ಕೆರೆದು ತೆಗೆದುಬಿಡು. ಹುಟ್ಟಿದಾಗ ಯಾವ ಬಣ್ಣ ಇತ್ತೋ ಅದನ್ನೇ ಹೊಡಿ. ಒಂದೇ ಬಣ್ಣ ಆದ್ರೆ ನನಗೆ ಗುರುತಾದ್ರೂ ಸಿಗುತ್ತೆ.” ಯಾವ ಬಣ್ಣ ಎಂದು ಕೇಳಿದ್ದಕ್ಕೆ, “ಕೆರೆದು ನೋಡು, ಅದೇ ಹೇಳುತ್ತೆ” ಎಂದು ಛತ್ರಿ ಊರಿಕೊಂಡು ಹೋಗಿಬಿಟ್ಟಿರಿ. ಆವತ್ತೇ ನನಗೆ ಅದು ಒಪ್ಪಿಗೆಯಾಗಲಿಲ್ಲ. ನಿಮ್ಮೆದುರು ತೋರಿಸಿಕೊಳ್ಳಲಿಲ್ಲ, ಅಷ್ಟೇ.

ನಾನು ಈ ಮನೆಗೆ ಬಂದ ಹೊಸದರಲ್ಲಿ ಆ ಕಾರನ್ನು ಕಂಡು ಹೆದರಿದ್ದೆ. ಮೈತುಂಬ ಅಂಗೈಯಗಲದ ತೇಪೆಗಳು, ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಯಾರದೋ ಕಾರಿಗೆ ಬಣ್ಣ ಬೆರೆಸಿದಾಗಲೆಲ್ಲ ಮೊದಲ ಗುಟುಕು ನಿಮ್ಮ ಕಾರಿಗೆ. ಅದು ಬಿಸಿಲಲ್ಲಿ ಒಣಗಿ, ನೀವು ಬೆಳಿಗ್ಗೆಯೊಮ್ಮೆ ಮಧ್ಯಾಹ್ನವೊಮ್ಮೆ ಕತ್ತು ಓರೆ ಮಾಡಿ ನೋಡಿ ತಲೆಯಾಡಿಸಿದ ಮೇಲೇ ಗಿರಾಕಿಯ ಕಾರಿಗೆ. ಬೇರೆ ಕಡೆ ಬಣ್ಣ ಪರೀಕ್ಷಿಸಲು ತಗಡಿನ ತುಂಡು ಸಾಕು. ನಿಮಗೆ ಇಡೀ ಕಾರೇ ಬೇಕಾಯಿತು. ಊರವರು ಕರೆದ ‘ತೇಪೆ’ ಎಂಬ ಹೆಸರು ಮೊದಲು ಕಾರಿಗೆ ಅಂಟಿತೋ ನಿಮಗೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಹಳೆಯ ಕಾರುಗಳ ಮೆರವಣಿಗೆಗೆ ಹೋದ ವರ್ಷ ನೆನಪಿದೆಯೇ? ಹಳೆಯ ಕಾರುಗಳ ಸಾಲಿನವರು ನಮ್ಮನ್ನು ನೋಡಿ, “ಇದು ಅಲಂಕಾರದ ಸಾಲಿಗೆ ಹೋಗಲಿ” ಎಂದರು. ಅಲಂಕಾರದ ಸಾಲಿನಲ್ಲಿ ಮೈತುಂಬ ಚಮಚ ಅಂಟಿಸಿಕೊಂಡ ಕಾರೊಂದಿತ್ತು, ತಲೆಯ ಮೇಲೆ ಹುಲ್ಲು ಬೆಳೆಸಿಕೊಂಡದ್ದೊಂದಿತ್ತು. ಹುಲ್ಲಿನವನು ನೀರಿನ ಕ್ಯಾನು ಹಿಡಿದು ಅದಕ್ಕೆ ನೀರು ಹಾಕುತ್ತಲೇ, “ಇದು ಅಲಂಕಾರ ಅಲ್ಲ, ಬ್ರಷ್ ಒರೆಸಿದ ಬಟ್ಟೆ” ಎಂದ. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಎರಡು ಸಾಲಿನ ನಡುವೆ ನಾವಿಬ್ಬರೇ ಹೊರಟೆವು. ದಾರಿಯುದ್ದಕ್ಕೂ ನೀವು, ಕಾರುಗಳು ಬಂದ ಹೊಸದರಲ್ಲಿ ಕುದುರೆಗಳು ಬೆದರದಿರಲೆಂದು ಮುಂದಕ್ಕೆ ಮರದ ಕುದುರೆತಲೆ ಸಿಕ್ಕಿಸುವ ಯೋಚನೆ ಮಾಡಿದವನ ಕಥೆ ಹೇಳಿದಿರಿ. ಹಂಸದ ಆಕಾರದಲ್ಲಿ ಕಾರು ಮಾಡಿಸಿ, ಅದರ ಕೊಕ್ಕಿನಿಂದ ಬಿಸಿನೀರು ಚಿಮ್ಮಿಸಿ ದಾರಿ ಬಿಡಿಸಿಕೊಳ್ಳುತ್ತಿದ್ದವನ ಕಥೆಯನ್ನೂ ಹೇಳಿದಿರಿ. ನಾನು ಅಷ್ಟು ನಕ್ಕದ್ದು ಅದೇ ಮೊದಲು. ಸೊಸೆಯಾಗಿ ಬಂದವಳು ನಿಮ್ಮ ಶಿಷ್ಯೆಯಾದದ್ದು ಆ ದಿನವೇ ಎಂದು ನನ್ನ ಲೆಕ್ಕ.

ಇರಲಿ. ನೀವು ಹೋದ ಮೇಲೆ ಮನೆಯಲ್ಲಿ ಹುಟ್ಟು ಬಣ್ಣದ ಚರ್ಚೆ ಶುರುವಾಯಿತು. ನಿಮ್ಮ ಮಗ ನೀಲಿ ಎಂದು ಆಣೆ ಮಾಡುವವರಂತೆ ಹೇಳಿದರು. ಕೆಂಪಿಗೂ ಗುಲಾಬಿಗೂ ವ್ಯತ್ಯಾಸ ತಿಳಿಯದವರ ಸಾಕ್ಷಿಯನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿದೆ. ಅತ್ತೆ ಮಾತ್ರ ಸೊಪ್ಪು ಬಿಡಿಸುತ್ತಾ, “ನಾನು ಮದುವೆಯಾಗಿ ಬಂದಾಗ ಅದರ ಒಂದು ಬಾಗಿಲು ಬೆವರುಸಾಲೆ ಎದ್ದ ಬೆನ್ನಿನ ಥರ ಇತ್ತು. ಕೆಂಪು ಕೆಂಪು. ನಿಮ್ಮ ಮಾವ ಅದರ ಮುಂದೆ ಮುಖ ಗಂಟು ಹಾಕ್ಕೊಂಡು ಕೂತಿರೋರು” ಎಂದರು. ಆ ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಿತು.

ನೀವೇ ಕಲಿಸಿದ ಹಾಗೆ ಮಾಡಿದೆ. ಉಪ್ಪುಕಾಗದ ನೀರಲ್ಲಿ ಅದ್ದಿ, ಬಾನೆಟ್ಟಿನ ಮೇಲೆ ಒಂದೇ ಜಾಗದಲ್ಲಿ ಮೆಲ್ಲಗೆ ಉಜ್ಜಿದೆ. ಈರುಳ್ಳಿ ಸೀಳಿದಂತೆ ಪದರಗಳು ಬಳೆಬಳೆಯಾಗಿ ತೆರೆದುಕೊಂಡವು. ತಳದಲ್ಲಿ ಸಿಕ್ಕಿದ್ದು ಗಾಢವಾದ ಮರೂನ್, ನೆರಳಲ್ಲಿ ಕಂದು, ಬಿಸಿಲಲ್ಲಿ ದಾಳಿಂಬೆ. ಇದೇ ಹುಟ್ಟು ಬಣ್ಣ, ಕೆಲಸ ಸಲೀಸಾಯಿತು ಅಂದುಕೊಂಡು ಎಡಬಾಗಿಲನ್ನು ಉಜ್ಜಿದರೆ ತಳದಲ್ಲಿ ಬೂದಿ ಬಣ್ಣ. ಬಲಬಾಗಿಲಲ್ಲಿ ಪಾಚಿ ಹಸಿರು. ಹಿಂದಿನ ಮಡ್‌ಗಾರ್ಡು ಕಪ್ಪು. ಡಿಕ್ಕಿಯ ಮುಚ್ಚಳ ನೀಲಿ, ನಿಮ್ಮ ಮಗನ ಮಾತೂ ಒಂದು ಕಡೆ ನಿಜವಾಯಿತು.

ಮಾವ, ಏನಿದು? ನನಗಿಂತ ಮೊದಲು ಒಬ್ಬಳೇ ಒಡತಿಯ ಕೈಯಲ್ಲಿ ಓಡಿದ ಗಾಡಿ, ಒಂದು ಸ್ಕ್ರೂ ಕೂಡ ಬದಲಾಗಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದವರು ನೀವು. ನಿಮ್ಮ ಕಾರಿಗೆ ಹುಟ್ಟು ಬಣ್ಣವೇ ಇಲ್ಲ. ಅದು ಗುಜರಿಯಲ್ಲಿ ಸತ್ತುಬಿದ್ದಿದ್ದ ನಾಲ್ಕೈದು ಕಾರುಗಳ ಕೂಡುಕುಟುಂಬ. ನಾನು ನೆಲದ ಮೇಲೆ ಕೂತು ಒಬ್ಬಳೇ ನಕ್ಕೆ, ಆಮೇಲೆ ಸಿಟ್ಟು ಬಂತು. ಆಮೇಲೆ ಆ ಎಡಬಾಗಿಲನ್ನು ಇನ್ನೊಮ್ಮೆ ನೋಡಿದೆ.

ಬೂದಿಯ ಮೇಲೆ ಒಂದು ಮರೂನ್. ಅದರ ಮೇಲೆ ಇನ್ನೊಂದು ಮರೂನ್, ತುಸು ಕಂದು ಕಡಿಮೆ. ಅದರ ಮೇಲೆ ಮತ್ತೊಂದು. ಬಾಗಿಲಿನ ಯಾವ ಮೂಲೆ ಉಜ್ಜಿದರೂ ಅದೇ ಕಥೆ, ಒಂದೂ ಬಾನೆಟ್ಟಿನದಕ್ಕೆ ಸರಿಯಾಗಿಲ್ಲ. ರಾತ್ರಿ ಬಲ್ಬಿನ ಬೆಳಕಲ್ಲಿ ನೋಡಿದೆ, ಮೇಲಿನ ಎರಡು ಪದರ ಬಾನೆಟ್ಟಿಗೆ ಒಪ್ಪುವಂತೆಯೇ ಕಂಡವು. ಬೆಳಿಗ್ಗೆ ಕಾರನ್ನು ಹೊರಗೆ ತಳ್ಳಿ ನೋಡಿದರೆ ಬಿಸಿಲಲ್ಲಿ ಅಕ್ಕತಂಗಿಯರೂ ಅಲ್ಲ. ಆಗ ಅರ್ಥವಾಯಿತು. ನಿಮಗಾಗ ಬಣ್ಣದ ಕೆಲಸ ಇನ್ನೂ ಗೊತ್ತಿರಲಿಲ್ಲ. ಬೂದಿ ಬಾಗಿಲನ್ನು ಬಾನೆಟ್ಟಿಗೆ ಹೊಂದಿಸಲು ಶೆಡ್ಡಿನೊಳಗೆ ಬಲ್ಬು ಹಾಕಿಕೊಂಡು ಬಣ್ಣ ಬೆರೆಸುತ್ತಿದ್ದಿರಿ, ಸರಿಯಾಯಿತೆಂದು ಹಿಗ್ಗುತ್ತಿದ್ದಿರಿ, ಬೆಳಿಗ್ಗೆ ಮುಖ ಗಂಟು ಹಾಕಿಕೊಂಡು ಕೂರುತ್ತಿದ್ದಿರಿ. “ಬಿಸಿಲಿಗೆ ತೋರಿಸದೆ ಬಣ್ಣ ಒಪ್ಪಬೇಡ” ಎಂದು ನನ್ನ ತಲೆ ತಿಂದ ಪಾಠವನ್ನು ನಿಮಗೆ ಕಲಿಸಿದ ಮೇಷ್ಟ್ರು ಈ ಬಾಗಿಲೇ. ಬಾನೆಟ್ಟಿಗೆ ಹೊಂದದ ಬಣ್ಣವನ್ನು ಮುಚ್ಚಲು ಬೇರೆ ಬೇರೆ ಬಣ್ಣ ಹಾಕುತ್ತಾ ಹೋದಿರಿ, ಆಮೇಲೆ ಅದೇ ಅಭ್ಯಾಸವಾಯಿತು. ಹೌದೋ ಅಲ್ಲವೋ? ನಾದಿನಿ, ಈಗ ಅವರ ಮುಖ ನೋಡು, ಹೇಗಿದೆ ಎಂದು ನನಗೆ ಬರೆ.

ಇದನ್ನೆಲ್ಲ ಕೆರೆದು ಕಸದ ಬುಟ್ಟಿಗೆ ಹಾಕಲು ನನಗೆ ಇಷ್ಟವಿಲ್ಲ. ಅದು ನನ್ನ ಪಠ್ಯಪುಸ್ತಕ. ಮೊನ್ನೆ ಹಲ್ಲಿನ ಡಾಕ್ಟರು ತಮ್ಮ ಹಳೆಯ ಬಿಳಿ ಕಾರು ತಂದರು. ಕಂಪನಿಯ ಲೆಕ್ಕದಂತೆ ಬೆರೆಸಿದ ಬಿಳಿ ಅದರ ಮೇಲೆ ಕಟ್ಟಿಸಿದ ಹೊಸ ಹಲ್ಲಿನ ಹಾಗೆ ಎದ್ದು ಕಂಡಿತು. ನಿಮ್ಮ ಕಾರಿನ ಚಾವಣಿಯ ಮೇಲೆ, ಅವರ ಕಾರಿಗೆಂದು ನೀವು ಹಿಂದೊಮ್ಮೆ ಬೆರೆಸಿದ ತೇಪೆ ಅದೇ ಬಿಸಿಲಲ್ಲಿ ಅಷ್ಟೇ ಮುದಿಯಾಗಿ ಕೂತಿತ್ತು. ಅದನ್ನು ನೋಡಿ ಬೆರೆಸಿದೆ, ಕೂಡಿಕೊಂಡಿತು. ಆದರೆ ನೀವು ಕೇಳಿದ್ದು ನಿಮ್ಮ ಕಣ್ಣಿಗಾಗಿ. ಪೊರೆ ತೆಗೆದರೂ ಒಳಗಿನ ನರದ ವಿಷಯ ಹೇಳಲಾಗದು ಎಂದು ಕಣ್ಣಿನ ಡಾಕ್ಟರು ನಿಮ್ಮ ಮಗನಿಗೆ ಹೇಳಿದ್ದು ನನಗೂ ಗೊತ್ತು, ನಿಮಗೂ ಗೊತ್ತು. ಜೀವಮಾನವಿಡೀ ಬಣ್ಣ ಬೆರೆಸಿದವರಿಗೆ ಅವರ ಕಾರೇ ಕೆಸರಾಗಿ ಕಂಡರೆ, ಅದು ನನ್ನ ಪಠ್ಯಪುಸ್ತಕ ಎಂದು ಯಾವ ಬಾಯಿಂದ ವಾದಿಸಲಿ? ಅದಕ್ಕೇ ಒಂದು ಪಂದ್ಯ ಕಟ್ಟುತ್ತಿದ್ದೇನೆ.

ಬಾನೆಟ್ಟಿನ ಮೇಲೆ ತಟ್ಟೆಯಗಲದ ಜಾಗವನ್ನು ತಳದ ಮರೂನಿನವರೆಗೂ ಬಿಡಿಸಿದ್ದೇನೆ. ಅದರ ಅರ್ಧಕ್ಕೆ ನಾನು ಬೆರೆಸಿದ ಮರೂನ್ ಹೊಡೆದಿದ್ದೇನೆ. ನಿಮಗೆ ಕೈಗೂಡದ ಬಣ್ಣ ಅದು. ನನಗೂ ಸುಮ್ಮನೆ ಒಲಿಯಲಿಲ್ಲ, ಕಂದು ತೆಗೆದು ಒಂದು ತೊಟ್ಟು ನೇರಳೆ ಹಾಕಿದ ಮೇಲೆ ದಾರಿಗೆ ಬಂತು. ಅಂಚು ಕೈಗೆ ಸಿಗದಂತೆ ಪಾಲಿಷ್ ಮಾಡಿದ್ದೇನೆ, ಬೆರಳಾಡಿಸಿ ಮೋಸ ಮಾಡಲಾಗದು. ಹಳೆಯದೂ ಹೊಸದೂ ಕೂಡುವ ಗೆರೆ ಅತ್ತೆಗೆ ಕಾಣಲಿಲ್ಲ. ನಿಮ್ಮ ಮಗನನ್ನು ಕೇಳಲೇ ಇಲ್ಲ. ನನಗೆ ಮಾತ್ರ ಮಧ್ಯಾಹ್ನದ ಬಿಸಿಲಲ್ಲಿ, ಎಡಕ್ಕೆ ಬಾಗಿ ನೋಡಿದರೆ, ಕೂದಲೆಳೆಯಷ್ಟು ಕಾಣುತ್ತದೆ.

ಪಟ್ಟಿ ಬಿಚ್ಚಿಸಿಕೊಂಡು ಬನ್ನಿ, ಮಧ್ಯಾಹ್ನವೇ ಬನ್ನಿ. ನಿಮಗೆ ಆ ಗೆರೆ ಕಂಡರೆ ನಾನು ಸೋತೆ. ಕಾರನ್ನು ಪೂರ್ತಿ ಕೆರೆದು ನೀವು ಹೇಳಿದ ಹಾಗೆ ಒಂದೇ ಬಣ್ಣ ಹೊಡೆಯುತ್ತೇನೆ, ಎದುರು ಮಾತಾಡುವುದಿಲ್ಲ. ಕಾಣದಿದ್ದರೆ ನಾನು ಗೆದ್ದೆ, ಕಾರು ಇದ್ದ ಹಾಗೇ ಇರುತ್ತದೆ. ಸೊಸೆಯ ಮನಸ್ಸು ನೋಯದಿರಲೆಂದು ಸುಳ್ಳು ಹೇಳಬೇಡಿ, ನಿಮ್ಮ ಮುಖ ಓದಲು ನನಗೆ ಬರುತ್ತದೆ.

ಈ ಕಾರೆಂದರೆ ನನಗೆ ಎಷ್ಟು ಇಷ್ಟ ಎಂದು ನಿಮಗೆ ಗೊತ್ತು. ಆದರೂ ದಿನವೂ ಆ ಬಾನೆಟ್ಟು ಒರೆಸುವಾಗ ಒಂದನ್ನೇ ಬೇಡಿಕೊಳ್ಳುತ್ತಿದ್ದೇನೆ ಮಾವ, ನಾನು ಸೋಲಬೇಕು. ನೀವು ಬಗ್ಗಿ ನೋಡಿ, ಕತ್ತು ಓರೆ ಮಾಡಿ, “ನೇರಳೆ ಜಾಸ್ತಿಯಾಯ್ತಲ್ಲಮ್ಮ” ಎಂದು ಬೈಯಬೇಕು.

ನಿಮ್ಮ ಕಣ್ಣು ತಂಪಾಗಿರಲಿ.

ಬೈಸಿಕೊಳ್ಳಲು ಕಾದಿರುವ,
ನಿಮ್ಮ ಸೊಸೆ