ಭೂಮಿ ಹುಣ್ಣಿಮೆಯ ದಿನ ತೋಡಿದ ಹೊಂಡ

ಸಾಗರ
೧೬-೧೧-೧೯೬೪

ತಮ್ಮ ನಿಂಗಪ್ಪನಿಗೆ ಅಣ್ಣ ಕೆರಿಯಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಅವ್ವ ಚೆನ್ನಾಗಿದ್ದಾಳೆ. ಬೆಂಗಳೂರಿನ ಗಾಲ್ಫ್ ಕ್ಲಬ್ಬಿನಲ್ಲಿ ನಿನಗೆ ಆಟ ಕಲಿಸುವ ಕೆಲಸ ಸಿಕ್ಕಿದ್ದಕ್ಕೆ ಊರೆಲ್ಲ ಹಿಗ್ಗಿದೆ. ಸಾಹೇಬರ ಕೋಲಿನ ಚೀಲ ಹೊತ್ತು ಆಟ ಕಲಿತವರಲ್ಲವೇ ನಾವಿಬ್ಬರೂ!

ಇಲ್ಲಿಯ ಗಾಲ್ಫ್ ಮೈದಾನದ ಸುದ್ದಿ ಕೇಳು. ಆರನೇ ಕುಳಿಯ ಮುಂದೆ ನೀರಿನ ಹೊಂಡ ಬೇಡವೆಂದು ಕ್ಲಬ್ಬಿನ ಸಭೆಯಲ್ಲಿ ನಾನು ಜಗಳವಾಡಿದ್ದು ನೆನಪಿದೆಯಲ್ಲ? ಪಕ್ಕದಲ್ಲಿ ಕೂತು ನೀನೂ ಹೌದೆಂದು ತಲೆ ಆಡಿಸಿದ್ದೆ. ಚೆಂಡನ್ನು ನೆಲದ ಮೇಲೆ ಉರುಳಿಸಿ ಗೆಲ್ಲುವ ಜಾಣತನಕ್ಕೆ ಹೊಂಡ ಬಂದರೆ ಕಲ್ಲು ಬಿದ್ದಂತೆ. ಆಮೇಲೆ ರಟ್ಟೆಬಲ, ಫಾರಿನ್ ಕೋಲು ಇದ್ದವನದೇ ಆಟ. ಅಧ್ಯಕ್ಷ ಸುಂದರೇಶಯ್ಯ ನಕ್ಕು, "ಈಗಿನ ಆಟಾನೇ ಹಾಗೆ ಕೆರಿಯಪ್ಪ, ದೂರ ಹೊಡೀಬೇಕು" ಎಂದರು. "ಬುಲ್‌ಡೋಜರ್ ತಂದ್ರೆ ಅಡ್ಡ ಮಲಗ್ತೀನಿ ಸ್ವಾಮಿ" ಎಂದೆ. ಅವರ ನಗು ನಿಂತಿತು.

ಬುಲ್‌ಡೋಜರ್ ಬಂತು ಕಣೋ. ಭೂಮಿ ಹುಣ್ಣಿಮೆಯ ದಿನವೇ ಬಂತು. ಅವತ್ತು ಭೂಮಿತಾಯಿ ಬಸುರಿ ಎಂದು ನಮ್ಮವರು ಗುದ್ದಲಿ ಮುಟ್ಟುವುದಿಲ್ಲ, ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಅವಳಿಗೆ ಬಡಿಸುತ್ತೇವೆ. ನಾನು ಗದ್ದೆಯಲ್ಲಿ ಉಂಡು ಮಧ್ಯಾಹ್ನ ಮೈದಾನಕ್ಕೆ ಬಂದರೆ ಹೊಂಡ ಬಾಯಿ ತೆರೆದುಕೊಂಡು ಬಿದ್ದಿತ್ತು.

"ಹಬ್ಬ ಚೆನ್ನಾಗಾಯ್ತಾ?" ಎಂದು ಸುಂದರೇಶಯ್ಯ ಕೇಳಿದರು. ನನ್ನ ಮೈ ಉರಿದುಹೋಯಿತು. ಮೈಸೂರಿನ ಆ ಮನುಷ್ಯನಿಗೆ ನಮ್ಮ ಹಬ್ಬ ಹೇಗೆ ಗೊತ್ತು? ಅವತ್ತು ನಾನು ಅಡ್ಡ ಬರುವುದಿಲ್ಲವೆಂದು ಯಾರೋ ನಮ್ಮವರೇ ಹೇಳಿ, ಜೊತೆಗೆ ನಿಂತು ತೋಡಿಸಿರಬೇಕು. ಹುಲ್ಲು ಕತ್ತರಿಸುವ ಭೂತಪ್ಪನ ಮೇಲೆ ಎಗರಿ ಬಿದ್ದೆ. "ನಾ ನಮ್ ಗದ್ದೇಲಿದ್ದೆ ಕಣಣ್ಣ, ನೀನೇ ಕೂಗಿ ಮಾತಾಡ್ಸಿದ್ಯಲ್ಲ!" ಎಂದು ಅತ್ತುಬಿಟ್ಟ. ನಿಜವೇ. ಅಂದಿನಿಂದ ಯಾರ ಮುಖ ನೋಡಿದರೂ ಇವನಿರಬಹುದೇ ಎನಿಸುತ್ತದೆ. ಹೀಗೆ ಬದುಕಿ ಅಭ್ಯಾಸವಿಲ್ಲ ನನಗೆ.

ಇರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಗೆ ಒಳ್ಳೆಯ ಹೆಸರು ಬರಲಿ.

ನಿನ್ನ ಅಣ್ಣ,
ಕೆರಿಯಪ್ಪ

ತಾ.ಕ.: ಹಬ್ಬದ ಹಿಂದಿನ ದಿನ ಹೊಸನಗರಕ್ಕೆ ಹೋಗಿ ಬರುತ್ತೇನೆಂದು ಹೋದವನು ನೀನು. ಆ ಬೆಳಗ್ಗೆ ನಮ್ಮ ಗದ್ದೆಗೆ ಬಾರದವನು ನೀನೊಬ್ಬನೇ. "ಬಸ್ ತಪ್ಪಿರ್‌ಬೇಕು ಪಾಪ" ಎನ್ನುತ್ತ ಅವ್ವ ನಿನ್ನ ಪಾಲಿನ ಕಡುಬು ಎತ್ತಿಟ್ಟಳು. ಬೆಂಗಳೂರಿನ ಕೆಲಸ ನಿನಗೆ ಕೊಡಿಸಿದ್ದು ಸುಂದರೇಶಯ್ಯನವರೆಂದು ನಿನ್ನೆ ತಿಳಿಯಿತು. ಅವ್ವನಿಗೆ ಹೇಳಿಲ್ಲ. ಹೊಂಡ ಹಾಳಾಗಲಿ ನಿಂಗ, ಅಣ್ಣನನ್ನು ಸೋಲಿಸಲು ಭೂಮಿತಾಯಿಯ ಹಬ್ಬವೇ ಬೇಕಾಯಿತೇ? ನಾನಲ್ಲ ಎಂದು ಒಂದು ಕಾರ್ಡು ಹಾಕು. ನಂಬುತ್ತೇನೆ.