ಕೈ ಎತ್ತುವವರ ಕೋರ್ಟು

ಮಂಡ್ಯ,
ಫೆಬ್ರವರಿ 30, 2187

ಕಾಲುವೆ ಪಕ್ಕದ ಕಾಲೇಜಿನಲ್ಲಿ ಈಗ ಬಾಸ್ಕೆಟ್‌ಬಾಲ್ ಆಡುತ್ತಿರುವ ಹುಡುಗಿಯರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಖು ಇಲ್ಲ, ನಮ್ಮದರಲ್ಲಿ ಇದೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ರಿತನ್ಯಾ, ಎಪ್ಪತ್ತೊಂದರ ಮುದುಕಿ. ಹನ್ನೊಂದು ವರ್ಷ ವೃತ್ತಿಪರ ಲೀಗಿನಲ್ಲಿ ಆಡಿದವಳು. ಹಾಗಾಗಿ ಆ ಲೀಗನ್ನು ಬೈಯುವ ಹಕ್ಕು ನನಗೆ ಪೂರ್ತಿ ಇದೆ.

ಲೀಗಿನ ಕೋರ್ಟುಗಳ ಅಡಿಯಲ್ಲಿ ನೆಲಗಣ್ಣು ಇರುತ್ತದೆ. ಯಾರು ಯಾರನ್ನು ತಳ್ಳಿದರು ಎಂದು ನೆಲದಿಂದಲೇ ಅಳೆದು ಫೌಲ್ ಕೊಡುವ ಯಂತ್ರ ಅದು. ರೆಫರಿಗಳನ್ನು ಮನೆಗೆ ಕಳಿಸಿ ಎಪ್ಪತ್ತು ವರ್ಷವಾಯಿತು. ಇನ್ನು ಮೋಸಕ್ಕೆ ಜಾಗವೇ ಇಲ್ಲ ಎಂದುಕೊಂಡಿರಾ? ಪ್ರತಿ ತಂಡದಲ್ಲೂ ಒಬ್ಬ ಬೀಳುಗುರು ಇದ್ದಾನೆ. ಯಾರೂ ಮುಟ್ಟದಿದ್ದರೂ ನೆಲಗಣ್ಣು ನಂಬುವ ಹಾಗೆ ಬೀಳುವುದನ್ನು ಕಲಿಸುವುದೇ ಅವನ ಉದ್ಯೋಗ. ಬೆಳಿಗ್ಗೆ ಎರಡು ಗಂಟೆ ಬೀಳುವ ಅಭ್ಯಾಸ, ಆಮೇಲೆ ಅರ್ಧ ಗಂಟೆ ಚೆಂಡು. ಆರಡಿ ಮೀರಿದ ಹೆಂಗಸರು ಗಾಳಿ ಸೋಕಿದರೂ ಕುಯ್ಯೋ ಮೊರ್ರೋ ಎಂದು ಉರುಳುತ್ತಾರೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ನಾನೂ ಹಾಗೆ ಉರುಳಿಯೇ ಹೆಸರು ಮಾಡಿದೆ. ಥೂ.

ನಿಮ್ಮ ಅದೇ ಕಾಲೇಜಿನಲ್ಲಿ ನಮ್ಮ ಕಾಲದ ಆಟ ಚೆಂದವೆಂದು ಹೇಳಲಾರೆ. ಸಿಮೆಂಟು ಕೋರ್ಟು, ವಾಲಿದ ರಿಂಗು. ಹತ್ತು ಫ್ರೀ ಥ್ರೋಗಳಲ್ಲಿ ಆರು ತಪ್ಪುತ್ತವೆ. ಪಾಸು ಕೊಟ್ಟರೆ ಚೆಂಡು ಕೆಲವೊಮ್ಮೆ ನೇರ ಕಾಲುವೆಗೇ ಹೋಗುತ್ತದೆ. ನೆಲಗಣ್ಣಿಲ್ಲ, ಮಂಜುಗಣ್ಣಿನ ಒಬ್ಬ ರೆಫರಿ ಮಾತ್ರ. ಅದಕ್ಕೇ ಅಲ್ಲೊಂದು ಪದ್ಧತಿ ಉಳಿದಿದೆ. ಫೌಲ್ ಮಾಡಿದವಳು ರೆಫರಿ ಸೀಟಿ ಊದುವವರೆಗೆ ಕಾಯದೆ ತಾನೇ ಕೈ ಎತ್ತಬೇಕು. ನಿಮ್ಮ ಕಾಲದಲ್ಲಿ, ನಿಮ್ಮಲ್ಲೇ ಯಾರೋ ಒಬ್ಬಳು ಇದನ್ನು ಶುರುಮಾಡಿದಳಂತೆ. ಲೀಗಿನಲ್ಲಿ ನಾವು ಇದನ್ನು ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದೆವು.

ನನ್ನ ಮೊಮ್ಮಗಳು ಕೆಂಪಮ್ಮ ಆ ಕಾಲೇಜು ತಂಡದ ನಾಯಕಿ. ನಿಮಗೆ ಹಳೆಯದೆನಿಸುವ ಈ ಹೆಸರು ಈಗ ಹೊಸ ಫ್ಯಾಷನ್. ಲೀಗಿಗೆ ಹೋಗುವುದು ಅವಳ ಆಸೆ, ನನ್ನ ಹಟ. ಕಳೆದ ವಾರದ ಫೈನಲ್‌ಗೆ ಲೀಗಿನ ಆಯ್ಕೆದಾರರನ್ನು ನಾನೇ ಕರೆಸಿದ್ದೆ. ಕೊನೆಯ ಸೆಕೆಂಡಿನಲ್ಲಿ ನಾವು ಒಂದು ಪಾಯಿಂಟ್ ಮುಂದಿದ್ದೆವು. ಎದುರಾಳಿ ಹುಡುಗಿ ಎಸೆದ ಚೆಂಡು ರಿಂಗಿಗೆ ಬಡಿದು ಹೊರಬಿತ್ತು. ಗೆದ್ದೆವೆಂದು ಎಲ್ಲರೂ ಕುಣಿಯುತ್ತಿರುವಾಗ ಕೆಂಪಮ್ಮ ಕೈ ಎತ್ತಿ ನಿಂತಳು. ಎಸೆಯುವಾಗ ಆ ಹುಡುಗಿಯ ಮಣಿಕಟ್ಟಿಗೆ ಇವಳ ಬೆರಳು ತಾಗಿತ್ತಂತೆ. ರೆಫರಿ ನೋಡಿರಲಿಲ್ಲ.

ನಾನು ಗ್ಯಾಲರಿಯಿಂದ ಅರಚಿದೆ: "ಕೈ ಇಳ್ಸೇ, ಕತ್ತೆ! ಯಾರೂ ನೋಡ್ನಿಲ್ಲ!"

ಅವಳು ನನ್ನತ್ತ ತಿರುಗಿದಳು. ಕೈ ಇಳಿಯಲಿಲ್ಲ. ಎದುರಾಳಿ ಎರಡೂ ಫ್ರೀ ಥ್ರೋ ಹಾಕಿದಳು, ನಾವು ಸೋತೆವು. ಆಯ್ಕೆದಾರರು ಎದ್ದು ಹೊರಟರು. ಅವರಲ್ಲೊಬ್ಬ ನನಗೆ ಕೈಮುಗಿದು, "ನಿಮ್ ಆಟ ಮೊಮ್ಮಗ್ಳಿಗೆ ಬರ್ಲಿಲ್ಲ ಬಿಡಿ, ಮೇಡಂ" ಎಂದ. ಅದು ನನಗೆ ಸಿಕ್ಕ ಗೌರವ!

ಮನೆಗೆ ಬರುವ ದಾರಿಯುದ್ದಕ್ಕೂ ಕೆಂಪಮ್ಮ ಅತ್ತಳು. "ಮುಟ್ಟಿದ್ದು ನಾನಲ್ವಾ ಅಜ್ಜಿ? ನಂಗ್ ಗೊತ್ತಲ್ಲ" ಎಂದಳು. ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಕೈ ಎತ್ತಿದವಳಲ್ಲ.

ನಿಮ್ಮಲ್ಲಿ ನನ್ನದೊಂದೇ ಕೋರಿಕೆ. ಕೈ ಎತ್ತುವುದನ್ನು ಬಿಡಬೇಡಿ. ಗ್ಯಾಲರಿಯಿಂದ ಯಾರಾದರೂ ಹಿರಿಯರು ಇಳಿಸು ಎಂದು ಅರಚಿದರೆ ತಿರುಗಿಯೂ ನೋಡಬೇಡಿ. ಕೆಂಪಮ್ಮ ತಿರುಗಿ ನೋಡಿದಳು. ಅವಳು ನನ್ನನ್ನು ನೋಡಿದ ಆ ರೀತಿಯನ್ನು ನನಗೆ ಇನ್ನೂ ಮರೆಯಲಾಗುತ್ತಿಲ್ಲ.

ಇಂತಿ,
ರಿತನ್ಯಾ