ಹೆಸರೆತ್ತಿದವರು ಪಾತ್ರೆ ತೊಳೆಯಬೇಕು

ಹೊಲಿಗೆ ಅಂಗಡಿಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ಕೆಮ್ಮು ಹೋಯಿತೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಬಿಸ್ಕತ್ತಿನಲ್ಲೇ ದಿನ ತಳ್ಳುತ್ತೀಯೋ? ನಾವಿಬ್ಬರೂ ಚೆನ್ನಾಗಿದ್ದೇವೆ. ಇದು ಬಾಯುಪಚಾರದ ಮಾತಲ್ಲ.

ನಿಮ್ಮಮ್ಮನ ಕಾಯಿಲೆ ಹಿಮ್ಮೆಟ್ಟಿದೆ! ಮಾತ್ರೆ ಕೆಲಸ ಮಾಡುತ್ತಿದೆ ಎಂದು ನಿನ್ನೆ ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದರು. ಜಠರದ ಕ್ಯಾನ್ಸರ್, ಇಡೀ ಜಠರವನ್ನೇ ತೆಗೆಯಬೇಕು ಅಂದಾಗ ನೀನು ಫೋನಿನಲ್ಲಿ ಅತ್ತಿದ್ದೆಯಲ್ಲ. ಆ ಆಪರೇಷನ್ ನಿಂತದ್ದು ಹೇಗೆಂದು ನಿನಗಿನ್ನೂ ಹೇಳಿಲ್ಲ. ಹಿಂದೆ ದೊಡ್ಡ ಕಾಯಿಲೆ ಏನಾದರೂ ಆಗಿತ್ತೇ ಎಂದು ಮೊದಲ ದಿನವೇ ಕೇಳಿದ್ದರು. ನಿಮ್ಮಮ್ಮ ಸಲೀಸಾಗಿ ಇಲ್ಲ ಅಂದಳು. ಪಕ್ಕದಲ್ಲಿದ್ದ ನಾನೂ ಕೋಲೆಬಸವನಂತೆ ತಲೆಯಾಡಿಸಿದೆ. ಎಲ್ಲ ನಿನ್ನ ಕಾನೂನಿನ ಮಹಿಮೆ! ಅವಳ ಎದೆಯ ಕ್ಯಾನ್ಸರ್ ವಾಸಿಯಾದಾಗ ನೀನಿನ್ನೂ ಮೋಟುಜಡೆಯ ಹುಡುಗಿ. ಇನ್ನು ಈ ಮನೆಯಲ್ಲಿ ಆ ಕಾಯಿಲೆಯ ಹೆಸರೆತ್ತಿದವರು ಅವತ್ತಿನ ಪಾತ್ರೆಯೆಲ್ಲ ತೊಳೆಯಬೇಕು ಎಂದು ನೀನೇ ಸಾರಿದ್ದೆ. ನಮಗೂ ಅದೇ ಬೇಕಿತ್ತು. ಹೆಸರೆತ್ತದೆ ಎತ್ತದೆ, ಅದು ನಡೆದದ್ದೇ ಸುಳ್ಳೆನ್ನುವ ಹಾಗಾಗಿತ್ತು.

ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿದಾಗ ನನಗೆ ತಡೆಯಲಾಗಲಿಲ್ಲ. "ಡಾಕ್ಟ್ರೇ, ಇವಳಿಗೆ ಹಿಂದೆ ಎದೆ ಕ್ಯಾನ್ಸರ್ ಆಗಿತ್ತು" ಎಂದುಬಿಟ್ಟೆ. ನಿಮ್ಮಮ್ಮ ಕಣ್ಣಲ್ಲೇ ನುಂಗುವಂತೆ ನೋಡಿ, "ಇವತ್ತು ಪಾತ್ರೆ ನಿಮ್ದೇ" ಅಂದಳು. ಡಾಕ್ಟರು ನಗಲಿಲ್ಲ. ಆಪರೇಷನ್ ತಡೆದು, ಮೊದಲೇ ಜಠರದಿಂದ ತೆಗೆದಿದ್ದ ಚೂರನ್ನು ಮತ್ತೆ ಪರೀಕ್ಷೆಗೆ ಕಳಿಸಿದರು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವ ಹಾಗೆ, ಅದು ಎದೆಯ ಹಳೇ ಕ್ಯಾನ್ಸರೇ. ಜಠರಕ್ಕೆ ಹೋಗಿ ಕೂತಿತ್ತು. ಹೀಗಾಗುವುದು ಬಲು ಅಪರೂಪವಂತೆ. ಜಠರ ತೆಗೆದಿದ್ದರೂ ಅದು ಹೋಗುತ್ತಿರಲಿಲ್ಲ, ಅದಕ್ಕೆ ಎದೆಯ ಕ್ಯಾನ್ಸರಿನ ಮಾತ್ರೆಯೇ ಮದ್ದು.

ಅವಳು ಸೊರಗಿದಾಗಲೆಲ್ಲ ಅವಳ ಅಂಗಿಗಳನ್ನು ಬಿಗಿ ಮಾಡುತ್ತಿದ್ದೆ. ಒಳಗೆ ಮಡಚಿದ ಹೆಚ್ಚಿನ ಬಟ್ಟೆಯನ್ನು ಮಾತ್ರ ಕತ್ತರಿಸಲಿಲ್ಲ, ಕೈ ಬರಲಿಲ್ಲ. ಇವತ್ತು ಆ ಹೊಲಿಗೆಯನ್ನೆಲ್ಲ ಬಿಚ್ಚಿದೆ, ಪುಟ್ಟಿ. ನಿಮ್ಮಮ್ಮ ಕನ್ನಡಿ ಮುಂದೆ ನಿಂತು, "ಇನ್ನೊಂಚೂರು ಬಿಡಿ, ಇನ್ನೂ ಮಧ್ಯಾಹ್ನದ ಊಟ ಆಗ್ಬೇಕು" ಅಂದಳು. ಕಾಯಿಲೆ ಪೂರ್ತಿ ಹೋಗಿಲ್ಲ, ಮಾತ್ರೆ ಬಿಡುವಂತಿಲ್ಲ. ಆದರೂ ಗೆದ್ದೆವು ಕಣೇ.

ಅಮ್ಮನ ಮುತ್ತು, ನನ್ನ ಆಶೀರ್ವಾದ.

ಇಂತಿ,
ಅವತ್ತಿನಿಂದ ಪಾತ್ರೆ ತೊಳೆಯುತ್ತಲೇ ಇರುವ
ನಿನ್ನ ಅಪ್ಪ

ಮರೆತಿದ್ದೆ: ನೀನೂ ಒಮ್ಮೆ ಎದೆಯ ತಪಾಸಣೆ ಮಾಡಿಸಿಕೊಳ್ಳಬೇಕಂತೆ, ಡಾಕ್ಟರು ಒತ್ತಿ ಹೇಳಿದ್ದಾರೆ. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಅಲ್ಲಿ ಕೇಳುತ್ತಾರೆ. ಇಲ್ಲ ಅನ್ನಬೇಡ, ಮಗಳೇ. ಹೆಸರೆತ್ತಿ, ಗಟ್ಟಿಯಾಗಿ ಹೇಳು. ಅವತ್ತಿನ ಪಾತ್ರೆಯೂ ನನಗಿರಲಿ.